ಎರವಲು ತಂದ ಕಣ್ಣು

ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆಯೂ ಕಸದ ಗಾಡಿ ಬಂತು.

ಊರಿಗೆ ಊರೇ ಸತ್ತು ಮಲಗಿದರೂ ಕಸದ ಗಾಡಿ ಬರಲೇಬೇಕು ಎಂದು ನನ್ನ ಗಂಡ ಹೇಳುತ್ತಿದ್ದ. ಊರು ಸಾಯಲಿಲ್ಲ, ಅವನು ಸತ್ತ. ಗಾಡಿ ಬಂತು. ಅವನು ಓಡಿಸುತ್ತಿದ್ದ ಗಾಡಿಯಲ್ಲ, ಅದರ ಅಣ್ಣನೋ ತಮ್ಮನೋ. ಅದೇ ಹಸಿರು ಬಣ್ಣ, ಅದೇ ಕೆಮ್ಮು, ಅದೇ ವಾಸನೆ.

ನಮ್ಮ ಮನೆಯಲ್ಲಿ ಎರಡು ಬುಟ್ಟಿ ಕಸವಿತ್ತು. ಎಲ್ಲ ಕಾಗದದ ಲೋಟಗಳು. ನೋಡಲು ಬಂದವರು ಟೀ ಕುಡಿದರು, ಕಣ್ಣೊರೆಸಿಕೊಂಡರು, ಹೋದರು. ಲೋಟಗಳು ಉಳಿದವು.

"ಏನೇ ಕಂಬದ ಥರ ನಿಂತೆ? ಗಾಡಿ ಹೋಗ್ತದೆ," ಎಂದರು ಅತ್ತೆ.

"ನೀವೇ ಹಾಕಿಬಿಡಿ ಅತ್ತೆ."

"ಮೂವತ್ತು ವರ್ಷದಿಂದ ಊರವರ ಬೀದಿ ಗುಡಿಸ್ತಾ ಇದೀನಿ. ಮನೆ ಕಸಕ್ಕೂ ನಾನೇ ಬೇಕಾ? ಎಂ.ಎ. ಓದಿದೋಳು ಎರಡು ಬುಟ್ಟಿ ಎತ್ತಿದ್ರೆ ಯಾರೂ ಸರ್ಟಿಫಿಕೇಟ್ ಕಿತ್ಕೊಳ್ಳಲ್ಲ. ಹೋಗು."

ಅತ್ತೆ ಅಳುವುದನ್ನೆಲ್ಲ ಅತ್ತು ಮುಗಿಸಿ ಪೊರಕೆ ಹುಡುಕುತ್ತಿದ್ದರು. ನಾನಿನ್ನೂ ಶುರು ಮಾಡಿರಲಿಲ್ಲ. ಬುಟ್ಟಿ ಎತ್ತಿಕೊಂಡು ಹೋದೆ.

ಗಾಡಿಯ ಹಿಂದೆ ನಿಂತಿದ್ದವನು ಹೊಸಬ. ಬುಟ್ಟಿ ಇಸಿದುಕೊಂಡು ಮಗುಚಿದ.

"ದುರ್ಬೀನಣ್ಣ ಎಲ್ಲಿ?" ಎಂದೆ.

"ಮನೇಲಿ ಕೂರಿಸಿದ್ದಾರಕ್ಕ. ಹಳದಿ ಚೀಟಿಯಂತೆ. ಆ ಅಪಘಾತ ಆದ್ಮೇಲೆ ಹಿಂದೆ ನಿಲ್ಲೋರಿಗೂ ಹಸಿರು ಚೀಟಿ ಬೇಕಂತೆ. ಆತನ ಕಣ್ಣು ಸರಿ ಇಲ್ಲಂತೆ."

ನನಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಗಂಡ ಸತ್ತವಳು ಬೀದಿಯಲ್ಲಿ ನಿಂತು ನಗುವುದನ್ನು ನೋಡಿ ಹೊಸಬ ಬೆದರಿ, ತಗಡಿಗೆ ಎರಡು ಬಾರಿಸಿದ. ಗಾಡಿ ಹೊರಟಿತು.

ದುರ್ಬೀನಣ್ಣನ ಕಣ್ಣು ಸರಿ ಇಲ್ಲವಂತೆ! ಬೀದಿಯ ಆ ತುದಿಗೆ ಬಂದ ಬಸ್ಸಿನ ನಂಬರನ್ನು ಈ ತುದಿಯಲ್ಲಿ ನಿಂತು ಹೇಳುವವನು ಅವನು. ಡ್ರೈವರ್ ಮೀಸೆ ಬೋಳಿಸಿದ್ದರೆ ಅದನ್ನೂ ಹೇಳುತ್ತಾನೆ. ಆ ಹೆಸರು ಸುಮ್ಮನೆ ಬಂದದ್ದಲ್ಲ.

*

ನನ್ನ ಗಂಡ ಮುಂದೆ, ದುರ್ಬೀನಣ್ಣ ಹಿಂದೆ. ಆರು ವರ್ಷ ಹಾಗೆಯೇ.

ಕಸದ ಗಾಡಿಯಲ್ಲಿ ಮುಂದಿನವನಿಗೂ ಹಿಂದಿನವನಿಗೂ ಮಾತು ನಡೆಯುವುದಿಲ್ಲ. ಎಂಜಿನ್ನಿನ ಸದ್ದಿಗೆ ಏನೂ ಕೇಳುವುದಿಲ್ಲ. ಹಿಂದಿನವನು ತಗಡು ಬಡಿಯಬೇಕು. ಎರಡು ಬಡಿದರೆ ಹೊರಡು. ಒಂದು ಜೋರಾಗಿ ಬಡಿದರೆ ನಿಲ್ಲು. ಎಲ್ಲ ಗಾಡಿಗಳಲ್ಲೂ ಇಷ್ಟೇ. ಇವರಿಬ್ಬರದು ಮಾತ್ರ ಉದ್ದದ ಭಾಷೆ. ಎಡ ಮೂಲೆಗೆ ಬಡಿದರೆ ಎಡಕ್ಕೆ ಸೈಕಲ್ಲು. ಬಲ ಮೂಲೆಗೆ ಬಡಿದರೆ ಗುಂಡಿ. ಬೆರಳ ತುದಿಯಲ್ಲಿ ತಾಳ ಹಾಕಿದರೆ, ಮೂಲೆಮನೆಯ ಮುದುಕಿ ಬೈಯಲು ಹೊರಗೆ ಬಂದಿದ್ದಾಳೆ, ಬೇಗ ನಡಿ.

ನಾನು ಅದನ್ನು ಸ್ನೇಹ ಎಂದುಕೊಂಡಿದ್ದೆ. ಸ್ನೇಹವೇ. ಬರೀ ಸ್ನೇಹವಲ್ಲ ಎಂದು ಆಮೇಲೆ ಗೊತ್ತಾಯಿತು.

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ. ಅತ್ತೆಗೂ ಇದೆ. ಈ ಮನೆತನದಲ್ಲಿ ಅಮ್ಮನಿಂದ ಮಗನಿಗೆ ಬಂದ ಆಸ್ತಿ ಅದೊಂದೇ. ಒಂದು ವರ್ಷದಿಂದ ಅವನ ಕಣ್ಣಲ್ಲಿ ಏನೋ ತೇಲುತ್ತಿತ್ತು. ಕರಿ ಎಳೆಗಳು.

"ಜೇಡ ಕಣೇ," ಎನ್ನುತ್ತಿದ್ದ. "ಕಣ್ಣೊಳಗೆ ಮನೆ ಮಾಡ್ಕೊಂಡು ಕೂತಿದೆ. ಬಾಡಿಗೆ ಕೇಳಿದ್ರೆ ಇನ್ನೊಂದು ಎಳೆ ಎಳೀತದೆ."

"ತೋರಿಸ್ಬಾರ್ದಾ?"

"ತೋರಿಸ್ತಾನೇ ಇದೀನಲ್ಲ, ಯಂತ್ರಕ್ಕೆ."

ಯಂತ್ರ ಕಂಪನಿಯದು. ಸಕ್ಕರೆ ಇರುವವರ ಕಣ್ಣಿನ ಒಳಗೋಡೆಯ ಚಿತ್ರ ತೆಗೆಯುತ್ತದೆ. ಡಾಕ್ಟರು ಬೇಕಿಲ್ಲ, ಕಂಪ್ಯೂಟರೇ ನೋಡಿ ಹೇಳುತ್ತದೆ. ಹಸಿರು ಚೀಟಿ ಬಂದರೆ ಕಣ್ಣು ಸರಿ. ಕೆಂಪು ಬಂದರೆ ಕಾಯಿಲೆ, ಡಾಕ್ಟರ ಹತ್ತಿರ ಹೋಗು. ಹಳದಿ ಬಂದರೆ ಚಿತ್ರ ಸ್ಪಷ್ಟವಿಲ್ಲ. ಡ್ರೈವರುಗಳಿಗೆ ಹಸಿರು ಇಲ್ಲದೆ ಗಾಡಿ ಇಲ್ಲ.

ಅವನಿಗೆ ಮೂರು ಸಲ ಹಳದಿ ಬಂತು. ಪ್ರತಿ ಸಲವೂ "ಮತ್ತೆ ಬಾ" ಎಂದರು. ಪ್ರತಿ ಸಲವೂ ಅರ್ಧ ದಿನ ಹೋಯಿತು. ನಾಲ್ಕನೆಯ ಸಲ ಹಸಿರು ಚೀಟಿ ಹಿಡಿದುಕೊಂಡು ಬಂದು ಕನ್ನಡಿಯ ಮೂಲೆಗೆ ಅಂಟಿಸಿದ.

"ನೋಡೇ, ಪಾಸಾದೆ. ನಿಂದೊಂದೇ ಅಲ್ಲ ಸರ್ಟಿಫಿಕೇಟು."

"ಜೇಡ?"

"ಖಾಲಿ ಮಾಡಿಸಿದೆ."

ನಾನು ಓದಿದವಳು. ಕಾಗದವನ್ನು ನಂಬಿದೆ.

ಮೂರು ತಿಂಗಳ ನಂತರ ಅವನು ಕಸದ ಗುಡ್ಡದ ಮೇಲೆ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದ. ಅವತ್ತು ದುರ್ಬೀನಣ್ಣ ಇರಲಿಲ್ಲ. ಹಿಂದೆ ನಿಂತಿದ್ದವನು ಬದಲಿ ಆಳು. ಅಂಚು ಬಂತೆಂದು ಅವನು ಬಾಯಲ್ಲಿ ಕೂಗಿದ. ತಗಡು ಬಡಿಯಲಿಲ್ಲ. ಬಡಿತ ಬರಲಿಲ್ಲ, ಹಾಗಾಗಿ ಗಾಡಿ ನಿಲ್ಲಲಿಲ್ಲ. ಕನ್ನಡಿಯಲ್ಲಿ ನೋಡಬಾರದಿತ್ತೇ ಎಂದು ಎಲ್ಲರೂ ಕೇಳಿದರು. ಗಾಡಿ ಉರುಳಿಬಿದ್ದ ಜಾಗವನ್ನು ನಾನೂ ನೋಡಿಬಂದೆ. ಅಂಚು ಮನೆಯ ಹೊಸ್ತಿಲಿನಷ್ಟು ಸ್ಪಷ್ಟವಾಗಿ ಕಾಣುತ್ತದೆ.

*

ಮಧ್ಯಾಹ್ನ ಮೇಸ್ತ್ರಿ ಬಂದ. ಕಂಪನಿಯ ಗಾಡಿಗಳೂ ಅವುಗಳ ಜನವೂ ಅವನ ಕೈಯಲ್ಲಿ.

"ಒಳಗೆ ಬನ್ನಿ ಸಾರ್," ಎಂದೆ.

"ಇಲ್ಲೇ ಗಾಳಿ ಚೆನ್ನಾಗಿದೆಯಮ್ಮ," ಎಂದು ಹೊಸ್ತಿಲಾಚೆ ನಿಂತ. ನಮ್ಮ ಬೀದಿಗೆ ಬರುವ ಎಲ್ಲರಿಗೂ ಹೊಸ್ತಿಲಾಚೆಯ ಗಾಳಿಯೇ ಇಷ್ಟ. ಅತ್ತೆ ನೀರು ತಂದುಕೊಟ್ಟರು. ಲೋಟ ಹಿಡಿದುಕೊಂಡ, ಕುಡಿಯಲಿಲ್ಲ.

"ನೋಡಮ್ಮ, ನಿನ್ನ ಗಂಡ ಹೋದ. ಕಂಪನಿ ಎಲ್ಲೂ ಹೋಗಿಲ್ಲ. ಸಾಹೇಬ್ರು ನಿನಗೊಂದು ಕೆಲಸ ಹೇಳಿದಾರೆ. ಅನುಕಂಪದ ಮೇಲೆ. ಕಣ್ಣಿನ ಕೋಣೇಲಿ ಟೋಕನ್ ಟೇಬಲ್. ಕುರ್ಚಿ, ಫ್ಯಾನು, ಎಲ್ಲ ಇದೆ. ನಾಳೇನೇ ಬಾ."

ಕುರ್ಚಿ. ನಮ್ಮ ಬೀದಿಯಲ್ಲಿ ಎಂ.ಎ. ಮಾಡಿದ ಮೊದಲ ಹುಡುಗಿ ನಾನು. ಹದಿನಾಲ್ಕು ಸಂದರ್ಶನಕ್ಕೆ ಹೋಗಿದ್ದೆ. ವಿಳಾಸ ಕೇಳುವವರೆಗೆ ಎಲ್ಲ ಚೆನ್ನಾಗಿರುತ್ತಿತ್ತು. ವಿಳಾಸ ಕೇಳದೆ ಕೊಟ್ಟ ಕುರ್ಚಿ ಇದೊಂದೇ. ಗಂಡನನ್ನು ಕೊಟ್ಟು ಪಡೆದದ್ದು.

"ಒಂದು ಸಣ್ಣ ಸಹಿ," ಎಂದು ಕಾಗದ ತೆಗೆದ. ಓದಿದೆ. *ಮೃತರ ಕಣ್ಣುಗಳನ್ನು ಕಂಪನಿಯು ಪರೀಕ್ಷಿಸಿದ್ದು, ಅವು ಸರಿ ಇದ್ದವೆಂದು ನಾನು ಒಪ್ಪುತ್ತೇನೆ. ಅಪಘಾತ ಅವರ ಅಜಾಗರೂಕತೆಯಿಂದ ಆಗಿದೆ.*

"ಆ ಹಸಿರು ಚೀಟಿ ಇದೆಯಲ್ಲ, ಮೂಲ ಪ್ರತಿ, ಅದನ್ನ ಇದಕ್ಕೆ ಲಗತ್ತಿಸ್ಬೇಕು."

"ನಾಳೆ ಅಲ್ಲೇ ಸಹಿ ಮಾಡ್ತೀನಿ ಸಾರ್."

"ಜಾಣೆ," ಎಂದ. ನೀರಿನ ಲೋಟವನ್ನು ಕಿಟಕಿಯ ಮೇಲಿಟ್ಟು ಹೋದ. ಅತ್ತೆ ಆ ನೀರನ್ನು ಬಾಗಿಲಾಚೆ ಅವನು ನಿಂತಿದ್ದ ಜಾಗಕ್ಕೆ ಚೆಲ್ಲಿದರು.

"ಗಾಳಿಗೆ ಬಾಯಾರಿರ್ತದೆ," ಎಂದರು.

ಆಮೇಲೆ ನನ್ನ ಕಡೆ ತಿರುಗಿದರು. "ಕುರ್ಚಿ ಬಿಡ್ಬೇಡ ಕಣೇ. ನನ್ನ ಕಾಲ ಆಯ್ತು. ನೀನಾದ್ರೂ ಕೂತು ತಿನ್ನು."

ಕುಳಿತು ತಿನ್ನಬೇಕೆಂದು ನನಗೂ ಇತ್ತು. ಕನ್ನಡಿಯಿಂದ ಹಸಿರು ಚೀಟಿ ಬಿಡಿಸಿದೆ. ನನ್ನ ಮುಖ ಇದ್ದಲ್ಲೇ ಇತ್ತು. ಆದರೆ ತಲೆಯಲ್ಲಿ ಹೊಸಬನ ಮಾತೊಂದು ಕೊರೆಯುತ್ತಿತ್ತು. ದುರ್ಬೀನಣ್ಣನಿಗೆ ಹಳದಿ. ನನ್ನ ಗಂಡನಿಗೆ ಹಸಿರು. ಲೆಕ್ಕ ಎಲ್ಲೋ ತಲೆಕೆಳಗಾಗಿತ್ತು.

*

ದುರ್ಬೀನಣ್ಣ ಎರಡು ಬೀದಿ ಆಚೆ, ತನ್ನ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಅವನ ಮುಂದೆ ನಾಲ್ವರು ಹೆಂಗಸರು ಸೂಜಿ ಹಿಡಿದು ನಿಂತಿದ್ದರು. ಇಡೀ ಬೀದಿಯ ಸೂಜಿಗಳಿಗೆ ದಾರ ಪೋಣಿಸುವುದು ಅವನೇ. ದಾರದ ತುದಿಯನ್ನು ತುಟಿಗೆ ತಾಗಿಸುತ್ತಾನೆ, ಒಂದೇ ಏಟಿಗೆ ಪೋಣಿಸುತ್ತಾನೆ, ಮುಂದಿನ ಸೂಜಿ.

"ನಿನ್ನ ಕಣ್ಣು ಸರಿ ಇಲ್ವಂತೆ ಅಣ್ಣ?" ಎಂದೆ.

ಅವನ ಕೈ ನಿಂತಿತು. ಹೆಂಗಸರನ್ನು ಕಳಿಸಿದ.

"ವಯಸ್ಸಾಯ್ತಲ್ಲ ತಂಗಿ."

"ಈಗಷ್ಟೇ ನಾಲ್ಕು ಸೂಜಿ ಪೋಣಿಸಿದೆ."

"ಅದು ಅಭ್ಯಾಸದ ಮೇಲೆ."

ಹಸಿರು ಚೀಟಿಯನ್ನು ಅವನ ಮಂಡಿಯ ಮೇಲಿಟ್ಟೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ರಸ್ತೆಯನ್ನು ನೋಡಿದ.

"ಇದು ಯಾರ ಕಣ್ಣು?"

"ಹೆಸರು ಬರೆದಿದೆಯಲ್ಲ."

"ಹೆಸರು ಅವನದು. ಕಣ್ಣು?"

ಮಂಡಿಯ ಮೇಲಿನ ಚೀಟಿಯನ್ನು ಬೆರಳಿಂದ ಸವರಿದ. ಆಮೇಲೆ ನಕ್ಕ. ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನ ನಗು.

"ಅವನೇ ಹೇಳಿದ್ದು. ಟೋಕನ್ನು ಅದಲು ಬದಲು ಮಾಡ್ಕೊಳ್ಳೋಣ ಅಂತ. ನನಗೂ ಸ್ವಲ್ಪ ಸಕ್ಕರೆ ಇದೆ, ಆದ್ರೆ ಕಣ್ಣಿಗೆ ಹತ್ತಿಲ್ಲ. ಹಿಂದೆ ನಿಲ್ಲೋನಿಗೆ ಆಗ ಹಸಿರು ಹಳದಿ ಯಾರು ಕೇಳ್ತಿದ್ರು? ಅವನ ಟೋಕನ್ನಲ್ಲಿ ನಾನು ಕೂತೆ, ನನ್ನ ಟೋಕನ್ನಲ್ಲಿ ಅವನು. ಆ ಕ್ಯಾಮೆರಾ ಹುಡುಗಿ ನಮ್ಮ ಮುಖ ಎಲ್ಲಿ ನೋಡ್ತಾಳೆ? ಮೂಗು ಮುಚ್ಕೊಂಡು ನಂಬರ್ ನೋಡ್ತಾಳೆ. ಅವಳಿಗೆ ನಾವೆಲ್ಲ ಒಂದೇ ವಾಸನೆ."

"ಅವನಿಗೆ ಎಷ್ಟು ಕಾಣ್ತಿತ್ತು?"

"ಮುಂದಕ್ಕೆ ಪರವಾಗಿರ್ಲಿಲ್ಲ. ಪಕ್ಕ ಇಲ್ಲ. ಕನ್ನಡಿಯಂತೂ ಇಲ್ಲವೇ ಇಲ್ಲ. ಉಳಿದದ್ದು ನಾನು ಬಡೀತಿದ್ದೆ. ಎರಡು ತಿಂಗಳಲ್ಲಿ ಡಾಕ್ಟರಿಗೆ ತೋರಿಸ್ತೀನಿ, ಅಲ್ಲೀವರೆಗೂ ನಿನ್ನ ಕಣ್ಣು ಎರವಲು ಕೊಡು ಅಂದ. ಕೊಟ್ಟೆ. ಕೊಡಲ್ಲ ಅನ್ನೋಕೆ ಅದೇನು ಸೈಕಲ್ಲಾ?"

ಇಬ್ಬರೂ ನಕ್ಕೆವು. ಆಮೇಲೆ ನಾನು ಕೇಳಲೇಬೇಕಾದದ್ದನ್ನು ಕೇಳಿದೆ. "ಅವತ್ತು ಯಾಕೆ ಗಾಡಿಯಲ್ಲಿ ಇರಲಿಲ್ಲ?"

ಅವನ ನಗು ಇಳಿಯಿತು.

"ನನ್ನ ನಂಬರಿನ ಮೇಲೆ ಅವನ ಕಣ್ಣಿತ್ತಲ್ಲ ತಂಗಿ. ಹಳದಿ. ಹಳದಿಯವರೆಲ್ಲ ತಿಂಗಳ ಕೊನೆಯೊಳಗೆ ಮತ್ತೆ ಚಿತ್ರ ತೆಗೆಸ್ಬೇಕು ಅಂತ ಮೇಸ್ತ್ರಿ ಕುತ್ತಿಗೆ ಮೇಲೆ ಕೂತ. ಬೆಳಿಗ್ಗೆ ಗಾಡಿಯಿಂದ ಇಳಿಸಿ ಅಲ್ಲಿಗೆ ಅಟ್ಟಿದ. ಹೋದೆ. ಕೂತೆ. ನಾಲ್ಕು ಸಲ ಕಣ್ಣು ಮುಚ್ಚಿದೆ. ತೆರೆದಿದ್ರೆ ಸಿಕ್ಕಿಬೀಳ್ತಿದ್ವಿ. ಆ ಪರದೆಯಲ್ಲಿ ಎಲ್ಲರ ಹಳೇ ಚಿತ್ರಗಳೂ ಬರ್ತವೆ. ಕಣ್ಣೊಳಗಿನ ರಕ್ತದ ದಾರಿ ಒಬ್ಬನ ಥರ ಇನ್ನೊಬ್ಬನಿಗಿರಲ್ವಂತೆ. ಪಕ್ಕ ಪಕ್ಕ ಇಟ್ರೆ ಮಗುವಿಗೂ ಗೊತ್ತಾಗ್ತದೆ. ಅದಕ್ಕೇ ಮುಚ್ಚಿದೆ. ಬೈಸಿಕೊಂಡೆ. ಹಳದಿ ತಗೊಂಡು ಹೊರಗೆ ಬರೋ ಹೊತ್ತಿಗೆ..."

ದಾರದ ತುದಿಯನ್ನು ಬೆರಳಿಗೆ ಸುತ್ತತೊಡಗಿದ.

ಕಣ್ಣಿರುವವನನ್ನು ಕಣ್ಣು ಸರಿ ಇಲ್ಲವೆಂದು ಕರೆದೊಯ್ದು ಕೂರಿಸಿದ್ದರು. ಕಣ್ಣಿಲ್ಲದವನು ಅಂಚಿನಲ್ಲಿ ಒಂದು ಬಡಿತಕ್ಕಾಗಿ ಕಾಯುತ್ತಿದ್ದ.

"ಈಗ ಹೋಗಿ ಕಣ್ಣು ತೆರೆದು ಕೂತ್ಕೋ ಅಣ್ಣ. ಹಸಿರು ಬರ್ತದೆ. ಕೆಲಸ ಸಿಗ್ತದೆ."

"ತೆರೆದ್ರೆ ಎರಡು ನಂಬರಿಗೆ ಒಂದೇ ಕಣ್ಣು ಅಂತ ಗೊತ್ತಾಗ್ತದೆ. ಅವನ ಹಸಿರು ಸುಳ್ಳಾಗ್ತದೆ. ನಿನ್ನ ಕುರ್ಚಿ ಹೋಗ್ತದೆ." ಚೀಟಿಯನ್ನು ನನ್ನ ಕೈಗೆ ವಾಪಸು ತುರುಕಿದ. "ಇಟ್ಕೋ. ಸತ್ತವನ ಹತ್ರ ಎರವಲು ವಾಪಸ್ ಕೇಳ್ತಾರಾ? ನನಗೆ ಸೂಜಿ ಇದೆ."

*

ಕಣ್ಣಿನ ಕೋಣೆ ಕಂಪನಿಯ ಕಚೇರಿಯ ಹಿಂಬದಿಯಲ್ಲಿದೆ. ಎರಡು ಬಾಗಿಲು. ಮುಂಬಾಗಿಲಲ್ಲಿ ಕುಶನ್ ಕುರ್ಚಿಗಳು, ಕಚೇರಿಯವರಿಗೆ. ಹಿಂಬಾಗಿಲಲ್ಲಿ ಮೆಟ್ಟಿಲುಗಳು, ನಮ್ಮವರಿಗೆ. ನನ್ನ ಟೇಬಲ್ ಎರಡರ ನಡುವೆ. ಫ್ಯಾನು ಇತ್ತು. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ.

ಸಹಿಯ ಕಾಗದವನ್ನು ಮೇಸ್ತ್ರಿ ಟೇಬಲ್ಲಿನ ಮೇಲಿಟ್ಟು, "ಹತ್ತು ಗಂಟೆಗೆ ಬರ್ತೀನಿ, ಬರೆದಿಟ್ಟಿರು," ಎಂದು ಹೋದ.

ಮೆಟ್ಟಿಲ ಮೇಲೆ ಹನ್ನೊಂದು ಜನ. ಎಲ್ಲರೂ ಬೀದಿ ಗುಡಿಸುವವರು, ಎಲ್ಲರ ಕೈಯಲ್ಲೂ ಹಳದಿ ಚೀಟಿ. ಅತ್ತೆಯೂ ಅಲ್ಲಿದ್ದರು. ಅವರ ಕೈಯಲ್ಲಿ ನಾಲ್ಕು. ನಾನು ಸೊಸೆ ಎಂದು ತೋರಿಸಿಕೊಳ್ಳದೆ, "ನಮಸ್ಕಾರ ಮೇಡಂ," ಎಂದು ಟೋಕನ್ನಿಗೆ ಕೈ ಚಾಚಿದರು. ಉಳಿದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಒಬ್ಬೊಬ್ಬರೇ ಒಳಗೆ ಹೋದರು. ಗಲ್ಲ ಇಡಲು ಒಂದು ಪಟ್ಟಿ ಇದೆ. ನಮ್ಮವರು ಎದ್ದ ಮೇಲೆ ಕ್ಯಾಮೆರಾ ಹುಡುಗಿ ಅದನ್ನು ಸ್ಪಿರಿಟ್ ಹಾಕಿ ಮೂರು ಸಲ ಒರೆಸುತ್ತಾಳೆ. ಕಚೇರಿಯವರಿಗೆ ಒಂದು ಸಲ. ಕೆಟ್ಟವಳಲ್ಲ. ಹಾಗೆ ಹೇಳಿಕೊಟ್ಟಿದ್ದಾರೆ.

"ಅಜ್ಜಿ, ಕಣ್ಣು ಅಗಲಿಸಿ. ಇನ್ನೂ. ಅಯ್ಯೋ, ಬರ್ತಾ ಇಲ್ಲ. ಮತ್ತೆ ಬನ್ನಿ."

"ಅಗಲಿಸೇ ಇದೀನಲ್ಲವ್ವ. ಇನ್ನೂ ಅಗಲಿಸಿದ್ರೆ ಗುಡ್ಡೆ ಉದುರಿ ನಿನ್ನ ಕೈಗೆ ಬರ್ತದೆ," ಎಂದರು ಅತ್ತೆ.

ಹಳದಿ. ಅತ್ತೆಗೆ ಐದನೆಯದು. ಉಳಿದ ಹತ್ತು ಜನಕ್ಕೂ ಮತ್ತೆ ಅದೇ.

ಆಗ ಮುಂಬಾಗಿಲಿನಿಂದ ಕಚೇರಿಯ ಗುಮಾಸ್ತರು ಬಂದರು. ಅವರಿಗೂ ಸಕ್ಕರೆ. ಕುಳಿತರು. ಹಳದಿ. ಇನ್ನೊಮ್ಮೆ ತೆಗೆದಳು. ಹಳದಿ.

ಕ್ಯಾಮೆರಾ ಹುಡುಗಿ ಫೋನ್ ಎತ್ತಿದಳು. "ಕಾರು ಕಳಿಸಿ. ದೊಡ್ಡಾಸ್ಪತ್ರೆ ಕಣ್ಣಿನ ಡಾಕ್ಟರ ಹತ್ತಿರ. ಹೌದು, ಈಗಲೇ, ಎರಡು ಸಲ ಹಳದಿ ಬಂತು."

ಗುಮಾಸ್ತರು ಕಾರಿನಲ್ಲಿ ಹೋದರು.

ಎದ್ದು ಒಳಗೆ ಹೋದೆ.

"ಅವರನ್ನ ಮತ್ತೆ ಬನ್ನಿ ಅನ್ನಲಿಲ್ಲ ಯಾಕೆ?"

"ಎರಡು ಸಲ ಹಳದಿ ಬಂದ್ರೆ ಡಾಕ್ಟರಿಗೆ ಕಳಿಸ್ಬೇಕು. ಚೀಟಿ ಹಿಂದೆ ಬರೆದಿದೆಯಲ್ಲ," ಎಂದಳು ಹುಡುಗಿ, ಇದೆಂಥ ಪ್ರಶ್ನೆ ಎಂಬಂತೆ.

ಅತ್ತೆಯ ಕೈಯಿಂದ ಚೀಟಿ ತೆಗೆದುಕೊಂಡು ತಿರುಗಿಸಿದೆ. ಇರುವೆ ಸಾಲಿನಂಥ ಅಕ್ಷರ. *ಎರಡು ಬಾರಿ ಚಿತ್ರ ಸ್ಪಷ್ಟವಾಗದಿದ್ದರೆ ಕಣ್ಣಿನ ಒಳಗೆ ಕಾಯಿಲೆ ಮುಂದುವರಿದಿರಬಹುದು. ವ್ಯಕ್ತಿಯನ್ನು ಹಿಂದಕ್ಕೆ ಕಳಿಸಬೇಡಿ. ಆ ವಾರವೇ ಕಣ್ಣಿನ ವೈದ್ಯರಿಗೆ ತೋರಿಸಿ.*

ಇಂಥವೇ ಮೂರು ಚೀಟಿಗಳು ನಮ್ಮ ಮನೆಗೆ ಬಂದಿದ್ದವು. ಮೂರರ ಮೇಲೂ ನಾನು ಹಾಲಿನ ಪಾತ್ರೆ ಇಟ್ಟಿದ್ದೆ. ಎಂ.ಎ. ಮಾಡಿದ ನಾನು ಒಂದನ್ನೂ ತಿರುಗಿಸಿ ನೋಡಿರಲಿಲ್ಲ.

ಯಂತ್ರ ಸುಳ್ಳು ಹೇಳಿರಲಿಲ್ಲ. ನನಗೆ ಕಾಣುತ್ತಿಲ್ಲ, ಕಾಣುವವರಿಗೆ ತೋರಿಸಿ ಎಂದು ಮೂರು ಸಲ ಹೇಳಿತ್ತು. ಇಡೀ ಕಚೇರಿಯಲ್ಲಿ ಪ್ರಾಮಾಣಿಕ ಜೀವ ಅದೊಂದೇ ಇತ್ತು. ಆ ಮಾತನ್ನು ಮುಂಬಾಗಿಲಿನವರಿಗೆ "ಕಾರು ಕಳಿಸಿ" ಎಂದೂ ಹಿಂಬಾಗಿಲಿನವರಿಗೆ "ಮತ್ತೆ ಬಾ" ಎಂದೂ ಮನುಷ್ಯರು ಮಾಡಿದ್ದರು.

"ಇವರಿಗೆ ಯಾಕೆ ಕಾರು ಕರೀಲಿಲ್ಲ?" ಎಂದೆ.

ಹುಡುಗಿ ಮೆಟ್ಟಿಲ ಕಡೆ ನೋಡಿದಳು. "ಇವರನ್ನ ಕಾರಲ್ಲಿ ಹೇಗೆ..." ಎಂದಳು. ಅಷ್ಟರಲ್ಲೇ ಅವಳಿಗೇ ಕೇಳಿಸಿತು. ಮಾತು ನಿಲ್ಲಿಸಿ ಸ್ಪಿರಿಟ್ ಬಾಟಲಿಯ ಮುಚ್ಚಳ ತಿರುಗಿಸತೊಡಗಿದಳು.

ಟೇಬಲ್ಲಿಗೆ ಬಂದೆ. ಸಹಿಯ ಕಾಗದ ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಿತ್ತು. ಅದರ ಮೇಲೆ ಒಂದು ಗೀಟು ಎಳೆದು ಕೆಳಗೆ ಬರೆದೆ. *ಹಸಿರು ಚೀಟಿಯಲ್ಲಿರುವವು ನನ್ನ ಗಂಡನ ಕಣ್ಣುಗಳಲ್ಲ. ಅವನ ಕಣ್ಣು ಕಾಣುತ್ತಿಲ್ಲವೆಂದು ಯಂತ್ರ ಮೂರು ಸಲ ಹೇಳಿತು. ನೀವು ಮೂರು ಸಲ ಹಿಂದಕ್ಕೆ ಕಳಿಸಿದಿರಿ.* ಸಹಿ ಮಾಡಿದೆ. ನನ್ನ ಸಹಿ ಚೆನ್ನಾಗಿದೆ. ಅಷ್ಟು ವರ್ಷ ಓದಿದ್ದು ಪೂರ್ತಿ ವ್ಯರ್ಥವಾಗಲಿಲ್ಲ.

ಅತ್ತೆ ಮೆಟ್ಟಿಲಿನಿಂದ ನೋಡುತ್ತಿದ್ದರು. "ಏನೇ ಬರೆದೆ?"

ಓದಿ ಹೇಳಿದೆ. ಎಲ್ಲರಿಗೂ ಕೇಳುವಂತೆ. ಚೀಟಿಯ ಹಿಂದಿನದನ್ನೂ ಓದಿದೆ. ಹನ್ನೊಂದು ಜನ ತಮ್ಮ ತಮ್ಮ ಚೀಟಿಗಳನ್ನು ತಿರುಗಿಸಿ ನೋಡಿದರು. ಓದಲು ಬಾರದವರೂ ನೋಡಿದರು.

"ಕುರ್ಚಿ ಹೋಯ್ತಲ್ಲೇ," ಎಂದರು ಅತ್ತೆ.

"ಹೋಯ್ತು ಅತ್ತೆ."

"ಹೋಗ್ಲಿ ಬಿಡು. ನಿನಗೆ ಬೆನ್ನು ನೋವು ಬರ್ತಿತ್ತು." ಪೊರಕೆಯನ್ನು ಮೆಟ್ಟಿಲಿಗೆ ಅಡ್ಡ ಹಾಕಿ ಅದರ ಮೇಲೆ ಕುಳಿತರು. "ನನ್ನ ಮಗನ ಕಣ್ಣು ಮಣ್ಣಲ್ಲಿದೆ. ನನ್ನದನ್ನ ಡಾಕ್ಟರು ನೋಡೋವರೆಗೂ ಈ ಪೊರಕೆ ಇಲ್ಲಿಂದ ಏಳಲ್ಲ."

ಇನ್ನೂ ಹತ್ತು ಪೊರಕೆಗಳು ಅಡ್ಡ ಬಿದ್ದವು.

ದುರ್ಬೀನಣ್ಣನಿಗೆ ಹೇಳಿಕಳಿಸಿದೆ. ಬಂದ. ಹಿಂಬಾಗಿಲಲ್ಲಿ ನಿಂತು ತಕರಾರು ತೆಗೆದ. ತೋಳು ಹಿಡಿದು ಎಳೆದುಕೊಂಡು ಹೋಗಿ ಯಂತ್ರದ ಮುಂದೆ ಕೂರಿಸಿದೆ.

"ಬೇಡ ತಂಗಿ."

"ಗಲ್ಲ ಇಡು."

"ನಿನ್ನ ಕೆಲಸ..."

"ಈಗ ಮುಚ್ಚಿದ್ರೆ ದಾರ ಪೋಣಿಸೋ ಸೂಜಿಯಿಂದಲೇ ಚುಚ್ತೀನಿ."

ತೆರೆದ. ಬೆಳಕು ಮಿಂಚಿತು. ಪರದೆಯ ಮೇಲೆ ಕಿತ್ತಳೆ ಬಣ್ಣದ ಚಂದ್ರನಂಥ ಒಂದು ಉರುಟು, ಅದರ ತುಂಬ ಕೆಂಪು ಬಳ್ಳಿಗಳು. ಯಂತ್ರ ಕ್ಷಣವೂ ಯೋಚಿಸಲಿಲ್ಲ. ಹಸಿರು. "ನನ್ನ ಗಂಡನ ನಂಬರಿನ ಹಸಿರು ಚಿತ್ರವನ್ನೂ ಪಕ್ಕದಲ್ಲಿಡಿ," ಎಂದೆ. ಹುಡುಗಿ ಇಟ್ಟಳು. ಬಳ್ಳಿಯ ಪಕ್ಕ ಅದೇ ಬಳ್ಳಿ, ಕವಲಿಗೆ ಕವಲು. ಆಮೇಲೆ ದುರ್ಬೀನಣ್ಣನ ನಂಬರಿನಲ್ಲಿದ್ದ ಮೂರು ತಿಂಗಳ ಹಿಂದಿನ ಚಿತ್ರ ತೆಗೆಸಿದೆ. ಬೂದು. ಬರೀ ಬೂದು. ನಡುವೆ ಒಂದೆರಡು ಕರಿ ಎಳೆ.

ಜೇಡ.

ಅಲ್ಲೇ ಇತ್ತು. ಅವನು ಖಾಲಿ ಮಾಡಿಸಿರಲಿಲ್ಲ. ನನಗೆ ಅಳು ಬಂತು. ಯಾವಾಗಲಾದರೂ ಬರಬೇಕಿತ್ತು, ಅಲ್ಲಿ ಬಂತು. ಕ್ಯಾಮೆರಾ ಹುಡುಗಿ ಹತ್ತಿಯ ತುಂಡು ಕೊಟ್ಟಳು. ಸ್ಪಿರಿಟ್ ಇಲ್ಲದ್ದು.

ಹತ್ತು ಗಂಟೆಗೆ ಮೇಸ್ತ್ರಿ ಬಂದ. ಪೊರಕೆಗಳನ್ನು ದಾಟಿ ಬಂದ. ಕಾಗದ ಓದಿದ. ಬಣ್ಣ ಬದಲಾಯಿತು.

"ಟೋಕನ್ ಬದಲಾಯಿಸಿದವನಿಗೆ ಇಲ್ಲಿ ಕೆಲಸ ಇಲ್ಲ. ನಿನಗೂ ಇಲ್ಲ. ನಡೀರಿ ಇಬ್ರೂ."

"ನಡೀತೀವಿ ಸಾರ್. ಎಲ್ರೂ ನಡೀತೀವಿ. ದೊಡ್ಡಾಸ್ಪತ್ರೆಗೆ. ಕಾರು ಕರೀತೀರಾ?"

"ಹನ್ನೊಂದು ಜನಕ್ಕೆ ಕಾರಾ? ತಲೆ ಕೆಟ್ಟಿದೆಯಾ?"

ಹೊರಗೆ ಹಾರನ್ ಕೂಗತೊಡಗಿತು. ಕಸದ ಗಾಡಿ ಕಚೇರಿಯ ಹಿಂದಿನ ಓಣಿಗೆ ನುಗ್ಗಿ ಸಿಕ್ಕಿಕೊಂಡಿತ್ತು. ಈ ಕಡೆ ಗೋಡೆ, ಆ ಕಡೆ ಚರಂಡಿ, ಹಿಂದೆ ಸಾಹೇಬರ ಹೊಸ ಕಾರು. ಹಿಂದೆ ನಿಲ್ಲುತ್ತಿದ್ದ ಹೊಸಬನಿಗೂ ಅವತ್ತು ಬೆಳಿಗ್ಗೆ, ನಾನು ಬರುವ ಮೊದಲೇ, ಎರಡನೆಯ ಸಲ ಹಳದಿ ಬಂದು, ಅವನನ್ನೂ ಇಳಿಸಿದ್ದರು. ಬಡಿಯುವವರಿಲ್ಲದೆ ಗಾಡಿಯನ್ನು ಒಂದು ಗೇಣು ಹಿಂದಕ್ಕೆ ತೆಗೆಯಲೂ ಡ್ರೈವರ್ ಒಪ್ಪುತ್ತಿರಲಿಲ್ಲ. ಗುಡ್ಡದ ಮೇಲಾದದ್ದನ್ನು ಅವನೂ ನೋಡಿದ್ದ.

ಮೇಲಿನ ಕಿಟಕಿಯಿಂದ ಸಾಹೇಬರು ಕೂಗಿದರು. "ಮೇಸ್ತ್ರೀ! ನನ್ನ ಕಾರಿಗೆ ತಾಗಿದ್ರೆ ನಿನ್ನ ಚರ್ಮ ಸುಲೀತೀನಿ! ಯಾರಾದ್ರೂ ಕಣ್ಣಿರೋರನ್ನ ಹಿಂದೆ ನಿಲ್ಲಿಸು!"

ಮೇಸ್ತ್ರಿ ಸುತ್ತಲೂ ನೋಡಿದ. ಕೋಣೆಯಲ್ಲಿ ಹಸಿರು ಚೀಟಿ ಬಂದಿದ್ದವನು ಒಬ್ಬನೇ. ಅವನು ಉಗುರು ನೋಡಿಕೊಳ್ಳುತ್ತಿದ್ದ.

"ಹೋಗಯ್ಯ ದುರ್ಬೀನು," ಎಂದ ಮೇಸ್ತ್ರಿ.

"ನನಗೆ ಕೆಲಸ ಇಲ್ವಲ್ಲ ಸಾರ್."

ಹಾರನ್. ಮೇಲಿನಿಂದ ಇನ್ನೊಂದು ಬೈಗುಳ.

"ಇದೆಯಪ್ಪಾ, ಇದೆ. ಹೋಗು."

"ಇವರೆಲ್ಲ ಹತ್ತಬೇಕು," ಎಂದೆ. "ಗಾಡಿ ಆಸ್ಪತ್ರೆ ಬಾಗಿಲಿಗೆ ಹೋಗ್ಬೇಕು. ಕಾರು ಬೇಡ. ನಮ್ಮ ಗಾಡಿಯೇ ಸಾಕು."

"ಹೋಗ್ರವ್ವ, ಹಾಳಾಗಿ ಹೋಗಿ!"

"ಹೊಸಬನ್ನೂ ಕರ್ಕೊಳ್ಳಿ," ಎಂದರು ಅತ್ತೆ. "ಅವನದೂ ಹಳದಿ."

ಕ್ಯಾಮೆರಾ ಹುಡುಗಿ ಓಡಿಬಂದು ಒಂದು ಕಾಗದ ಕೊಟ್ಟಳು. ಹನ್ನೆರಡು ನಂಬರು, ಎರಡು ಸಲ ಹಳದಿ ಬಂದವರು, ಅವಳ ಸಹಿ. "ನಿನ್ನ ಕುರ್ಚಿಯೂ ಹೋಗ್ತದೆ ಕಣವ್ವ," ಎಂದರು ಅತ್ತೆ. ಅವಳು ಅತ್ತೆಗೆ ಗಾಡಿ ಹತ್ತಲು ಕೈ ಕೊಟ್ಟಳು.

ಕಸದ ಗಾಡಿಯಲ್ಲಿ ಪೊರಕೆಗಳ ನಡುವೆ ಹನ್ನೆರಡು ಜನ ಕುಳಿತರು. ಇದರಲ್ಲಿ ಹೋದರೆ ಡಾಕ್ಟರು ಮೂಗು ಮುಚ್ಚಿಕೊಳ್ಳುತ್ತಾರೆ ಎಂದಳು ಒಬ್ಬಳು. ಮೂಗು ಮುಚ್ಚಿಕೊಳ್ಳಲಿ, ಕಣ್ಣು ತೆರೆದಿದ್ದರೆ ಸಾಕು ಎಂದರು ಅತ್ತೆ.

ದುರ್ಬೀನಣ್ಣ ಹಿಂದಿನ ಮೆಟ್ಟಿಲ ಮೇಲೆ ಕಾಲಿಟ್ಟ. ನಾನು ರವಿಕೆಯೊಳಗಿನಿಂದ ಚೀಟಿ ತೆಗೆದೆ. ಮೂರು ತಿಂಗಳು ಕನ್ನಡಿಯ ಮೇಲಿದ್ದುದರಿಂದ ಮೂಲೆಯಲ್ಲಿ ಅಂಟು ಉಳಿದಿತ್ತು. ಹೆಸರಿನ ಜಾಗದಲ್ಲಿ ನನ್ನ ಗಂಡನ ಹೆಸರು. ಅದನ್ನು ನಾನು ಹೊಡೆದುಹಾಕಿರಲಿಲ್ಲ.

"ತಗೋ ಅಣ್ಣ. ನಿನ್ನ ಕಣ್ಣು."

"ತಡವಾಯ್ತು," ಎಂದ.

"ತಡವಾಯ್ತು. ಅವನು ಯಾವಾಗ ಏನನ್ನ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದ?"

ದುರ್ಬೀನಣ್ಣ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದ. ಬಸ್ಸಿನ ನಂಬರನ್ನು ಬೀದಿಯ ತುದಿಯಿಂದ ಓದುವವನು, ಆ ಒಂದು ಹೆಸರನ್ನು ಬಹಳ ಹತ್ತಿರ ಹಿಡಿದು ಓದಿದ. ಅಂಗಿಯ ಜೇಬಿಗೆ ಇಟ್ಟುಕೊಂಡ. ಕಾರು ನೋಡಿದ, ಗೋಡೆ ನೋಡಿದ, ಚರಂಡಿ ನೋಡಿದ.

ಆಮೇಲೆ ತಗಡಿಗೆ ಬಾರಿಸಿದ. ಎರಡು ಸಲ.